ವಾಷರಿನಡಿಯ ಹಳದಿ

ಕಳೆದ ಡಿಸೆಂಬರಿನಲ್ಲಿ ಅಪ್ಪ ಮಂಡ್ಯದಿಂದ ನಮ್ಮಲ್ಲಿಗೆ ಬಂದಾಗ ಇಲ್ಲಿ ನೆಲ ಹೆಪ್ಪುಗಟ್ಟಿತ್ತು. ನಮ್ಮ ಮನೆ ಇರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದ ಡಿಕಾಲ್ಬ್ ಊರಿನ ಅಂಚಿನಲ್ಲಿ. ಹಿತ್ತಲು ದಾಟಿದರೆ ಮುಸುಕಿನ ಜೋಳದ ಹೊಲ, ಅದರಾಚೆಗೂ ಮುಸುಕಿನ ಜೋಳದ ಹೊಲ. ಬೇಸಿಗೆಯಲ್ಲಿ ಬಂದಿದ್ದರೆ ಅಪ್ಪನಿಗೆ ಅದನ್ನು ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಈ ಸಲ ಕಿಟಕಿಯ ಹೊರಗೆ ಹಿಮ ಬಿಟ್ಟು ಬೇರೇನೂ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಕೈಗೆ ಏನಾದ್ರೂ ಕೆಲ್ಸ ಕೊಡು ಮಗ, ಹಿಂಗೆ ಕುಂತ್ಕೊಂಡ್ರೆ ಕಾಯಿಲೆ ಬತ್ತದೆ" ಎಂದರು. ನಾನು ಅವರನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಎರಡು ವರ್ಷದಿಂದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕುಳಿತಿದ್ದ ಗಾಡಿಯನ್ನು ತೋರಿಸಿದೆ.

ಅದು ಕಬ್ ಕೆಡೆಟ್ 100 ಎಂಬ ಹೆಸರಿನ ಗಾರ್ಡನ್ ಟ್ರ್ಯಾಕ್ಟರ್. 1963ರಿಂದ 1965ರವರೆಗೆ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ತಯಾರಾದ ಮಾದರಿ. ಒಂದೇ ಸಿಲಿಂಡರಿನ, 10 ಅಶ್ವಶಕ್ತಿಯ ಕೋಹ್ಲರ್ ಪೆಟ್ರೋಲ್ ಎಂಜಿನ್ನು. ಬೆಂಗಳೂರಿನ ಬಚ್ಚಲುಮನೆಗಳ ನಲ್ಲಿಗಳ ಮೇಲೆ ನಾವು ಓದುವ ಕೋಹ್ಲರ್ ಹೆಸರು ಇದೇ ವಿಸ್ಕಾನ್ಸಿನ್ ಕಂಪನಿಯದು. ಊರಾಚೆ ದೊಡ್ಡ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರು ಹುಲ್ಲು ಕತ್ತರಿಸಲು, ಹಿಮ ತಳ್ಳಲು, ತರಕಾರಿ ಮಡಿ ಉಳಲು ಇಂಥ ಗಾಡಿಗಳನ್ನು ಕೊಳ್ಳುತ್ತಿದ್ದರು. ಇಂದಿನ ಹುಲ್ಲು ಕತ್ತರಿಸುವ ಗಾಡಿಗಳಲ್ಲಿ ಸಾಮಾನ್ಯವಾಗಿ ರಬ್ಬರ್ ಬೆಲ್ಟು ಚಕ್ರಗಳಿಗೆ ಶಕ್ತಿ ಒಯ್ದರೆ, ಇದರಲ್ಲಿ ಎಂಜಿನ್ನಿನಿಂದ ಹಿಂದಿನ ಗೇರ್ ಪೆಟ್ಟಿಗೆಗೆ ಉಕ್ಕಿನ ಶಾಫ್ಟೇ ನೇರವಾಗಿ ಹೋಗುತ್ತದೆ. ಹಾಗಾಗಿ ನಾನು ಇದನ್ನು ಆಟಿಕೆ ಎಂದು ಎಂದೂ ಕರೆದಿಲ್ಲ. ಅಳತೆಯಲ್ಲಿ ಚಿಕ್ಕದಾದರೂ ಇದು ಟ್ರ್ಯಾಕ್ಟರೇ.

ಅಪ್ಪ ಟಾರ್ಪಾಲು ಎತ್ತಿ, ಸುತ್ತ ಒಂದು ಪ್ರದಕ್ಷಿಣೆ ಬಂದು, ಅಲ್ಲೇ ನಿಂತರು. ಅರ್ಧ ಅಳಿಸಿಹೋಗಿದ್ದ ಗುರುತಿನ ಮೇಲೆ, ಕಪ್ಪು ಎಚ್ ಅಕ್ಷರದ ನಡುವೆ ನಿಂತ ಕೆಂಪು ಐ ಅಕ್ಷರದ ಮೇಲೆ, ಅವರ ಬೆರಳಿತ್ತು. "ಇದು ನಮ್ ಇಂಟರ್‌ನ್ಯಾಷನಲ್ ಅಲ್ವೇನಪ್ಪ?" ಎಂದು ಕೇಳಿದರು. ಹೌದು, ಅದೇ. ಷಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1963ರಲ್ಲಿ ಮಹೀಂದ್ರಾ ಮತ್ತು ವೋಲ್ಟಾಸ್ ಜೊತೆ ಸೇರಿ ಭಾರತದಲ್ಲಿ ಟ್ರ್ಯಾಕ್ಟರ್ ಕಂಪನಿಯನ್ನು ಕಟ್ಟಿತ್ತು. ಅಲ್ಲಿಂದ ಬಂದ ಕೆಂಪು ಬಣ್ಣದ ಬಿ-275 ಒಂದು ನಮ್ಮ ದೊಡ್ಡಪ್ಪನ ಬಳಿ ಇತ್ತು. ಅಪ್ಪ ಅದರಲ್ಲಿ ಇಪ್ಪತ್ತು ವರ್ಷ ಉತ್ತಿದ್ದರು, ಕಬ್ಬು ಸಾಗಿಸಿದ್ದರು. ಆ ಗುರುತನ್ನು 1940ರ ದಶಕದಲ್ಲಿ ಬರೆದವರು ರೇಮಂಡ್ ಲೋವಿ ಎಂಬ ವಿನ್ಯಾಸಕಾರರು; ಎದುರಿನಿಂದ ನೋಡಿದ ಟ್ರ್ಯಾಕ್ಟರಿನ ಮೇಲೆ ರೈತ ಕುಳಿತ ಹಾಗೆ ಅದು ಕಾಣುತ್ತದೆ. ಇದನ್ನು ಹೇಳಿದಾಗ ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, ಇಷ್ಟು ವರ್ಷ ತಾನು ಅದನ್ನು ಬರೀ ಅಕ್ಷರವೆಂದುಕೊಂಡಿದ್ದೆ ಎಂದರು.

ಗಾಡಿಯ ಮೈಮೇಲೆ ಹಿಂದಿನ ಮಾಲೀಕರಲ್ಲಿ ಯಾರೋ ಕುಂಚದಿಂದ ಬಳಿದ ಕಡು ಹಸಿರು ಬಣ್ಣವಿತ್ತು. ಗೇಟು, ಬೇಲಿಗೆ ಹೊಡೆಯುವಂಥ ಬಣ್ಣ. ಬೋಲ್ಟಿನ ತಲೆಗಳೂ, ಗ್ರೀಸ್ ನಿಪ್ಪಲ್ಲುಗಳೂ ಅದರಡಿ ಮುಚ್ಚಿಹೋಗಿದ್ದವು. ಇದಕ್ಕೆ ಯಾವ ಬಣ್ಣ ಹೊಡೆಯಬೇಕು ಎಂಬ ಮಾತು ಅಂದೇ ಎದ್ದಿತು. ಅಪ್ಪನದು ಒಂದೇ ಮಾತು: ಇಂಟರ್‌ನ್ಯಾಷನಲ್ ಅಂದರೆ ಕೆಂಪು. ಕಬ್ ಕೆಡೆಟ್‌ಗಳು ಹಳದಿ ಮೈಯಲ್ಲಿ, ಬಿಳಿ ಚಕ್ರಗಳಲ್ಲಿ ಬರುತ್ತಿದ್ದವೆಂದು ನಾನು ಚಿತ್ರ ತೋರಿಸಿದರೂ ಅವರು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬಣ್ಣಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.

ಜನವರಿ ಪೂರ್ತಿ ಬಿಚ್ಚುವ ಕೆಲಸವೇ ಆಯಿತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಅಪ್ಪ ಹಳೆಯ ಉಪ್ಪಿನಕಾಯಿ ಜಾಡಿಗಳಲ್ಲಿ ಹಾಕಿ, ಚೀಟಿಯ ಮೇಲೆ ಕನ್ನಡದಲ್ಲಿ "ಎಡ ಮಡ್ಗಾರ್ಡು", "ಬಾನೆಟ್ ಮುಂದ" ಎಂದು ಬರೆದು ಅಂಟಿಸುತ್ತಿದ್ದರು. ಎಂಜಿನ್ನಿನಲ್ಲಿ ಹೇಳುವಂಥ ದೋಷ ಇರಲಿಲ್ಲ. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಒಣಗಿ ಅಂಟಾಗಿತ್ತು, ಅದನ್ನು ತೊಳೆದೆವು. ಕಿಡಿಗೆ ಬೇಕಾದ ವಿದ್ಯುತ್ತನ್ನು ಕೂಡಿಸಿ ಬಿಡಿಸುವ ಪಾಯಿಂಟುಗಳನ್ನು ಉಜ್ಜಿ, ನಡುವಿನ ಅಂತರವನ್ನು ಅರ್ಧ ಮಿಲಿಮೀಟರಿಗೆ ಹೊಂದಿಸಿದೆವು. ಗಾಳಿ, ಹೊಗೆಯ ದಾರಿಗಳನ್ನು ತೆರೆದು ಮುಚ್ಚುವ ವಾಲ್ವುಗಳು ಮಾತ್ರ ಸರಿಯಾಗಿ ಕೂರುತ್ತಿರಲಿಲ್ಲ. ಈ ಎಂಜಿನ್ನಿನಲ್ಲಿ ವಾಲ್ವುಗಳಿರುವುದು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ. ಹೆಡ್ ಬಿಚ್ಚಿದರೆ ಎರಡೂ ಮೇಲಿನಿಂದ ಕಾಣುತ್ತವೆ. ಅಪ್ಪ ವಾಲ್ವಿನ ತಲೆಗೆ ರಬ್ಬರ್ ಬಟ್ಟಲಿನ ಕೋಲನ್ನು ಅಂಟಿಸಿ, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಕೋಲನ್ನು ಹೊಸೆದರು. ಆಗಾಗ ಎತ್ತಿ, ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿ, ಮತ್ತೆ ಹೊಸೆದರು. ಒರೆಸಿ ನೋಡಿದಾಗ ಅಂಚಿನ ಸುತ್ತ ಎಲ್ಲೂ ಮುರಿಯದ, ಬೂದಿ ಬಣ್ಣದ ಒಂದು ಸಣ್ಣ ಉಂಗುರ ಮೂಡಿತ್ತು; ವಾಲ್ವು ಸಂದಿಲ್ಲದೆ ಕೂರುತ್ತಿದೆ ಎಂಬುದರ ಗುರುತು ಅದು. ಅದನ್ನು ನೋಡಿದ ಮೇಲೆ ಅಪ್ಪ ಆ ರಾತ್ರಿ ಚೆನ್ನಾಗಿ ಉಂಡರು.

ಹಳೆಯ ಬಣ್ಣ ತೆಗೆಯುವುದು ನಾನು ತುಂಬ ಎಚ್ಚರಿಕೆಯಿಂದ ಮಾಡಿದ ಕೆಲಸ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿದರೆ ಆ ಪುಡಿ ಗಾಳಿಯಲ್ಲಿ ತೇಲಿ ಮನೆಯೊಳಗೂ ಬರುತ್ತದೆ, ಮತ್ತು ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ಹೀಗಾಗಿ ಬಣ್ಣ ಬಿಡಿಸುವ ಲೇಪವನ್ನು ಹಚ್ಚಿ, ಅದು ಮೆತ್ತಗಾದ ಮೇಲೆ ಹಸಿಯಾಗಿಯೇ ಕೆರೆದು, ಬಂದದ್ದನ್ನೆಲ್ಲ ಮುಚ್ಚಳದ ಡಬ್ಬಗಳಲ್ಲಿ ಕಟ್ಟಿಟ್ಟು, ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಒಯ್ದುಕೊಟ್ಟೆ. ತುಕ್ಕು ಹಿಡಿದ ಸಣ್ಣ ಭಾಗಗಳಿಗೆ ಬೇರೆ ಉಪಾಯವಿತ್ತು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರಿಗೆ ವಾಷಿಂಗ್ ಸೋಡಾ ಕದಡಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಒಂದು ಗುಜರಿ ಕಬ್ಬಿಣದ ತುಂಡಿಗೂ ಸೇರಿಸಿ ಮುಳುಗಿಸಿಟ್ಟರೆ, ಒಂದು ರಾತ್ರಿಯಲ್ಲಿ ತುಕ್ಕು ಕಪ್ಪು ಮಸಿಯಾಗಿ ಸಡಿಲವಾಗುತ್ತದೆ. ಆ ಕಬ್ಬಿಣದ ತುಂಡು ಸ್ಟೇನ್‌ಲೆಸ್ ಉಕ್ಕಿನದಾಗಿರಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಾಗಿಲು ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ತೆಗೆದ ಭಾಗವನ್ನು ತೊಳೆದು ಒಣಗಿಸಿ ತಡಮಾಡದೆ ಬಣ್ಣದಡಿಯ ಲೇಪವಾದ ಪ್ರೈಮರ್ ಹೊಡೆಯದಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಕೆಂಪಗೆ ಮೂಡುತ್ತದೆ.

ಮಾರ್ಚಿಯ ಒಂದು ಸಂಜೆ ಹಿಂದಿನ ಮಡ್ಗಾರ್ಡುಗಳನ್ನು ಚೌಕಟ್ಟಿನಿಂದ ಬೇರೆ ಮಾಡುತ್ತಿದ್ದೆವು. ಕೊನೆಯ ಬೋಲ್ಟಿಗೆ ಎರಡು ದಿನದಿಂದ ಎಣ್ಣೆ ಬಿಟ್ಟಿದ್ದರೂ ಜಗ್ಗಿರಲಿಲ್ಲ. ಅಪ್ಪ ಸ್ಪ್ಯಾನರಿಗೆ ಪೈಪು ತೊಡಿಸಿ ಮೆಲ್ಲಗೆ ಹಿಂದೆ ಮುಂದೆ ಮಾಡುತ್ತ ಬಿಡಿಸಿದರು. ಬೋಲ್ಟಿನ ಜೊತೆ ವಾಷರೂ ಕಳಚಿ ಬಿತ್ತು. ಅದು ಕುಳಿತಿದ್ದ ಜಾಗದಲ್ಲಿ, ಸುತ್ತಲಿನ ತುಕ್ಕು ಮತ್ತು ಹಸಿರಿನ ನಡುವೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಹಳದಿ ಬಳೆ ಇತ್ತು. ಬಿಸಿಲು ತಾಗದ, ಮಳೆ ತಾಗದ, ಅರವತ್ತು ವರ್ಷ ಮುಚ್ಚಿಟ್ಟ ಹಳದಿ. ನಿಂಬೆಯದಲ್ಲ, ಚೆಂಡು ಹೂವಿನದೂ ಅಲ್ಲ, ಅರಿಶಿನಕ್ಕೆ ಒಂದಿಷ್ಟು ಕೆನೆ ಬೆರೆಸಿದ ಹಾಗಿತ್ತು. ಅಪ್ಪ ಹೆಬ್ಬೆರಳಿಗೆ ಎಂಜಲು ಹಚ್ಚಿ ಅದನ್ನು ಉಜ್ಜಿದರು. ಬಣ್ಣ ಇನ್ನೂ ಹೊಳೆಯಿತು. ಬಹಳ ಹೊತ್ತು ಸುಮ್ಮನಿದ್ದು, "ಇದು ಹುಟ್ಟಿದ್ ಬಣ್ಣ. ಇದ್ನೇ ಹೊಡೀಬೇಕು" ಎಂದರು. ಕೆಂಪಿನ ಮಾತು ಮತ್ತೆ ಬರಲಿಲ್ಲ.

ಹಳೆಯ ಯಂತ್ರಗಳನ್ನು ರಿಪೇರಿ ಮಾಡುವವರ ನಡುವೆ ನಾನು ಒಪ್ಪದ ಒಂದು ಅಭ್ಯಾಸವಿದೆ. ಎರಕದ ಭಾಗಗಳನ್ನೂ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಗಾಜಿನ ಹಾಗೆ ನುಣುಪು ಮಾಡುತ್ತಾರೆ. ಈ ಗಾಡಿಯ ಗೇರ್ ಪೆಟ್ಟಿಗೆ ಮತ್ತು ಮುಂದಿನ ಗ್ರಿಲ್ಲು ಬೀಡು ಕಬ್ಬಿಣದವು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಮರಳಿನ ಕಾಳಿನ ಗುರುತು ಮೈಮೇಲೆ ಉಳಿಯುತ್ತದೆ, ಕಾರ್ಖಾನೆಯಲ್ಲೂ ಅದರ ಮೇಲೇ ಬಣ್ಣ ಹೊಡೆದಿದ್ದರು. ಅದನ್ನು ಮುಚ್ಚಿದರೆ ಆ ಭಾಗ ಹೇಗೆ ಹುಟ್ಟಿತೆಂಬುದೇ ಅಳಿಸಿಹೋಗುತ್ತದೆ. ಹಾಗಾಗಿ ಪುಟ್ಟಿಯನ್ನು ಬಾನೆಟ್ಟು, ಮಡ್ಗಾರ್ಡುಗಳ ತಗಡಿನ ತಗ್ಗುಗಳಿಗೆ ಮಾತ್ರ ಬಳಸಿದೆವು. ಬೀಡಿನ ಮೈ ಹಾಗೆಯೇ ಉಳಿಯಿತು. ಮೇಲೆ ಪಾರದರ್ಶಕ ಹೊಳಪಿನ ಲೇಪವನ್ನೂ ಹಾಕಲಿಲ್ಲ, ಏಕೆಂದರೆ ಆ ಹೊಳಪು ಈಗಿನ ಕಾರುಗಳದು.

ಮೇ ಮೊದಲ ವಾರದಲ್ಲಿ ಗಾಳಿಯಿಲ್ಲದ, 20 ಡಿಗ್ರಿ ಬಿಸಿಲಿನ ಒಂದು ಶನಿವಾರ ಸಿಕ್ಕಿತು. ಹಿಂದಿನ ದಿನವೇ ಗ್ಯಾರೇಜು ತೊಳೆದು, ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿದ್ದೆವು. ಒದ್ದೆ ನೆಲದಿಂದ ದೂಳು ಏಳುವುದಿಲ್ಲ. ಬೂದು ಬಣ್ಣದ ಎಪಾಕ್ಸಿ ಪ್ರೈಮರ್ ಆಗಲೇ ಒಣಗಿತ್ತು. ಬಣ್ಣದ ಡಬ್ಬದ ಮೇಲಿನ ಅಳತೆಯಂತೆ ಎಂಟು ಭಾಗ ಬಣ್ಣಕ್ಕೆ ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಒಂದು ಭಾಗ ಬೆರೆಸಬೇಕಿತ್ತು. ಈ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಿನ ಜೊತೆ ಒಳಗೆ ಹೋದರೆ ಜೀವನಪೂರ್ತಿ ಉಬ್ಬಸ ಅಂಟಿಕೊಳ್ಳಬಹುದು. ಆದ್ದರಿಂದ ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡವನ್ನು ಬಾಡಿಗೆಗೆ ತಂದು ತೊಟ್ಟೆ, ಮೈಯೆಲ್ಲ ಮುಚ್ಚಿಕೊಂಡೆ, ಅಪ್ಪನನ್ನು ಹೊರಗೆ ಕೂರಿಸಿದೆ. ಅವರು ಅಂಗಳದ ಕುರ್ಚಿಯಿಂದ ಕಿಟಕಿಯ ಗಾಜಿನ ಮೂಲಕ ನೋಡುತ್ತ ಕುಳಿತರು.

ಮೊದಲ ಲೇಪ ಮಂಜಿನಂತೆ ತೆಳ್ಳಗೆ ಕೂತಿತು. ಬಣ್ಣ ಆರುತ್ತ ಬಂದಿತೇ ಎಂದು ತಿಳಿಯಲು ಭಾಗವನ್ನು ಮುಟ್ಟದೆ, ಪಕ್ಕದಲ್ಲಿ ಅಂಟಿಸಿದ ಕಾಗದದ ಪಟ್ಟಿಯ ಮೇಲಿನ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬೆರಳಿಗೆ ಅಂಟು ತಾಗಿ, ಬಣ್ಣ ಮಾತ್ರ ಬರಬಾರದು. ಎರಡನೆಯ ಲೇಪವೂ ಸರಿಯಾಯಿತು. ಮೂರನೆಯದರಲ್ಲಿ, ಹಳದಿ ಒಂದೇ ಸಮನೆ ತುಂಬಿಕೊಳ್ಳುತ್ತಿರುವ ಸಂತೋಷದಲ್ಲಿ, ನಾನು ಬಾನೆಟ್ಟಿನ ಎಡಗಡೆಗೆ ಬಣ್ಣ ಚಿಮ್ಮಿಸುವ ಗನ್ನನ್ನು ತೀರ ಹತ್ತಿರ ಹಿಡಿದು, ಕೈ ನಿಧಾನ ಮಾಡಿಬಿಟ್ಟೆ. ಕಣ್ಣೆದುರಿಗೇ ಬಣ್ಣ ಗಟ್ಟಿಯಾದ ತುಪ್ಪದಂತೆ ಮೂರು ಕಡೆ ಕೆಳಗಿಳಿದು ನಿಂತಿತು. ಒರೆಸಿಬಿಡೋಣವೆಂದು ಬಟ್ಟೆ ಎತ್ತಿಕೊಂಡಾಗ ಕಿಟಕಿಯ ಆಚೆಯಿಂದ ಅಪ್ಪ ಎರಡೂ ಕೈ ಅಡ್ಡ ಆಡಿಸಿ ಬೇಡವೆಂದರು. ಅವರು ಹೇಳಿದ್ದೇ ಸರಿ. ಒರೆಸಿದ್ದರೆ ಕೆಳಗಿನ ಎರಡು ಲೇಪಗಳೂ ಎದ್ದುಬರುತ್ತಿದ್ದವು. ಆ ಸಂಜೆ ನನಗೆ ಊಟ ಸೇರಲಿಲ್ಲ. ಎರಡು ದಿನ ಒಣಗಲು ಬಿಟ್ಟು, 600ರ ನಯವಾದ ಒದ್ದೆ ಉಪ್ಪುಕಾಗದವನ್ನು ಸಣ್ಣ ಮರದ ತುಂಡಿಗೆ ಸುತ್ತಿ, ಸೋರಿದ ಗೆರೆಗಳನ್ನಷ್ಟೇ ಉಜ್ಜಿ ಸಮ ಮಾಡಿ, ಆ ಪಕ್ಕಕ್ಕೆ ಇನ್ನೊಂದು ಲೇಪ ಕೊಟ್ಟೆ. ಈಗ ಹುಡುಕಿದರೂ ಆ ಜಾಗ ಸಿಗುವುದಿಲ್ಲ, ಆದರೆ ನನ್ನ ಕೈ ಅಲ್ಲಿಗೇ ಹೋಗುತ್ತದೆ.

ಚಕ್ರಗಳ ಬಿಳಿ, ಹೊಸ ಟೈರು, ಜಾಡಿಗಳಿಂದ ಒಂದೊಂದಾಗಿ ಮರಳಿದ ಬೋಲ್ಟುಗಳು: ಜೋಡಿಸುವ ಕೆಲಸ ಹತ್ತು ದಿನದಲ್ಲಿ ಮುಗಿಯಿತು. ಮಡ್ಗಾರ್ಡಿನ ಆ ಬೋಲ್ಟು ಕೂರುವ ಜಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆಯದೆ ಪಟ್ಟಿ ಅಂಟಿಸಿ ಕಾಪಾಡಿದ್ದೆವು. ಹಳೆಯ ಹಳದಿಯ ಬಳೆಯ ಮೇಲೆ ಹೊಸ ವಾಷರನ್ನು ಅಪ್ಪನೇ ಕೂರಿಸಿ ಬಿಗಿದರು. ಎಂಜಿನ್ನು ಮೂರನೆಯ ಪ್ರಯತ್ನಕ್ಕೆ ಹತ್ತಿತು. ಒಂಟಿ ಸಿಲಿಂಡರಿನ ಗುಡುಗುಡು ಸದ್ದಿಗೆ ಮಗು ಕಿವಿ ಮುಚ್ಚಿಕೊಂಡು ನಕ್ಕಿತು.

ಅಪ್ಪ ಹೊರಡುವ ಮುಂಚಿನ ಭಾನುವಾರ, ಹಿಂದೆ 10 ಇಂಚಿನ ರೆಕ್ಕೆ ನೇಗಿಲು ಕಟ್ಟಿ ಹಿತ್ತಲಿನ ಮೂಲೆಯಲ್ಲಿ ತರಕಾರಿ ಮಡಿ ಉತ್ತೆವು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ, ಓಡಿಸಿದವರು ಅಪ್ಪ. ಮೊದಲ ಸಾಲು ತಿರುವಿಬಿದ್ದಾಗ ಕೆಳಗಿನ ಮಣ್ಣು ಕಾಡಿಗೆಯಂತೆ ಕಪ್ಪಗಿತ್ತು. ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತ ನೆಲ ಇದು. ಅಪ್ಪ ಗಾಡಿ ನಿಲ್ಲಿಸಿ ಇಳಿದು, ಒಂದು ಹಿಡಿ ಮಣ್ಣೆತ್ತಿ ಹಿಸುಕಿ, ಮೂಸಿ ನೋಡಿದರು. "ಎರೆ ಮಣ್ಣು ಕಣಪ್ಪ, ಏನ್ ಹಾಕಿದ್ರೂ ಬತ್ತದೆ" ಎಂದರು. ಮುಂದಿನ ಸಾಲಿನಲ್ಲಿ ಬಲಗಡೆಯ ಚಕ್ರ ಸಾಲಿನೊಳಗೆ ಇಳಿದು, ಹುದುಗಿದ್ದ ಕಲ್ಲೊಂದಕ್ಕೆ ಉಜ್ಜಿ, ಬಿಳಿಯ ಮೇಲೆ ಬೆರಳುದ್ದದ ಗೀರು ಬಿತ್ತು. ನಾನು ನೋಡುವ ಮೊದಲೇ ಅಪ್ಪ ನೋಡಿದ್ದರು. ಮಡಿ ಪೂರ್ತಿ ಉತ್ತು, ಎಂಜಿನ್ನು ಆರಿಸಿ, ಪಂಚೆಯ ತುದಿಯಿಂದ ಆ ಜಾಗದ ಮಣ್ಣು ಒರೆಸಿ ಕೇಳಿದರು: "ಡಬ್ಬದಲ್ಲಿ ಬಿಳಿ ಉಳ್ದದಾ?"