ಜಿಮ್ಮಿ ಸ್ಪೀರ್ಸ್ ಗೆದ್ದುಕೊಟ್ಟ ಕಪ್

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1886ರಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಜಿಮ್ಮಿ ಸ್ಪೀರ್ಸ್ ಅವರ ಬದುಕು ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ರೇಂಜರ್ಸ್ ಮತ್ತು ಕ್ಲೈಡ್ ತಂಡಗಳಲ್ಲಿ ಆಡಿ, ಬಳಿಕ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಸಿಟಿ ಸೇರಿದ ಅವರು, ಅಲ್ಲಿನ ಹೆಸರಾಂತ ಫುಟ್‌ಬಾಲ್ ಟೂರ್ನಿಯಾದ ಎಫ್.ಎ. ಕಪ್‌ನ 1911ರ ಫೈನಲ್‌ನಲ್ಲಿ ತಂಡದ ನಾಯಕರಾಗಿದ್ದರು. ನ್ಯೂಕ್ಯಾಸಲ್ ಯುನೈಟೆಡ್ ವಿರುದ್ಧ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಪಂದ್ಯ ಗೋಲಿಲ್ಲದೆ ಮುಗಿದು, ಏಪ್ರಿಲ್ 26ರಂದು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮತ್ತೆ ಆಡಿದಾಗ, ಸ್ಪೀರ್ಸ್ ತಲೆಯಿಂದ ಹೊಡೆದ ಒಂದೇ ಗೋಲು ಗೆಲುವು ತಂದಿತು. ಆ ವರ್ಷವಷ್ಟೇ ಹೊಸದಾಗಿ ಮಾಡಿಸಿದ್ದ ಕಪ್ಪನ್ನು ತಯಾರಿಸಿದ್ದು ಬ್ರ್ಯಾಡ್‌ಫರ್ಡ್‌ನದೇ ಫ್ಯಾಟೊರಿನಿ ಸಂಸ್ಥೆ ಎಂಬುದು ಎಷ್ಟು ಸೊಗಸಾದ ಸಂಗತಿ!

ಮುಂದೆ ಅವರು ಲೀಡ್ಸ್ ಸಿಟಿಗೆ ಆಡಿದರು. ಮಡದಿ ಮತ್ತು ಇಬ್ಬರು ಎಳೆಯ ಮಕ್ಕಳಿದ್ದರೂ ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಸ್ವಇಚ್ಛೆಯಿಂದ ಬ್ರಿಟಿಷ್ ಸೇನೆಯ ಕ್ಯಾಮರೂನ್ ಹೈಲ್ಯಾಂಡರ್ಸ್ ಪಡೆಯನ್ನು ಸೇರಿ, ಶೌರ್ಯಕ್ಕಾಗಿ ಮಿಲಿಟರಿ ಮೆಡಲ್ ಪಡೆದು, 1917ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್ ಕದನದಲ್ಲಿ ಮಡಿದರು. ಆಗ ಅವರ ವಯಸ್ಸು 31. ಇಂಥ ಆಟಗಾರನಿಗೆ ಸ್ಕಾಟ್ಲೆಂಡ್ ಪರ ಆಡುವ ಅವಕಾಶ ದೊರೆತದ್ದು ಒಮ್ಮೆ ಮಾತ್ರ, 1908ರಲ್ಲಿ ವೇಲ್ಸ್ ವಿರುದ್ಧ; ಅದು ತೀರಾ ಕಡಿಮೆಯಾಯಿತೆಂದೇ ನನ್ನ ಭಾವನೆ.