ಆ ಹುಡುಗ ಬಿಟ್ಟ ಬಾಲುಗಳು

ನಾನು ಫೀನಿಕ್ಸ್‌ಗೆ ಬಂದು ಎಂಟು ವರ್ಷವಾಯಿತು. ಆಫೀಸಿನ ಹನ್ನೆರಡು ಜನ ಸೇರಿ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಆಡುತ್ತೇವೆ: ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರ ಆಟಕ್ಕೆ ತಕ್ಕಂತೆ ನಮಗೆ ಪಾಯಿಂಟ್. ಒಮ್ಮೆ ಆರಿಸಿಕೊಂಡ ಆಟಗಾರನನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ಅದಕ್ಕೇ ಮೇಜರ್ ಲೀಗ್‌ಗಿಂತ ಕೆಳಗಿನ ಮಟ್ಟವಾದ ಮೈನರ್ ಲೀಗ್‌ನ ಹುಡುಗರ ಮೇಲೆ ಎಲ್ಲರಿಗೂ ಕಣ್ಣು. ಕಳೆದ ಅಕ್ಟೋಬರ್‌ನಲ್ಲಿ ನನ್ನ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಮನಸ್ಸಿನಲ್ಲಿದ್ದವರು ಇಬ್ಬರು. ಇಬ್ಬರೂ ಭರವಸೆಯ ಹುಡುಗರು ಆಡುವ ಅರಿಜೋನಾ ಫಾಲ್ ಲೀಗ್‌ನಲ್ಲಿ ಆಡುತ್ತಿದ್ದರು. ರಜಾ ಹಾಕಿ ಸ್ಕಾಟ್ಸ್‌ಡೇಲ್ ಸ್ಟೇಡಿಯಂಗೆ ಹೋದೆ.

ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ, ಕ್ಲಬ್‌ಗಳಿಗಾಗಿ ಆಟಗಾರರನ್ನು ಅಳೆಯುವ ಸ್ಕೌಟ್‌ಗಳು ಬಾಲಿನ ವೇಗ ನೋಡುವ ರಾಡಾರ್ ಗನ್ ಹಿಡಿದು ಕೂತಿದ್ದರು. ಅವರು ಆಟಗಾರನ ಒಂದೊಂದು ಕೌಶಲಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಬಂದರೆ ಮೇಜರ್ ಲೀಗ್ ಮಟ್ಟಕ್ಕೆ ಸರಾಸರಿ. ನಮ್ಮ ಲೀಗ್‌ನಲ್ಲಿ ಫೀಲ್ಡಿಂಗ್‌ಗೆ ಒಂದು ಪಾಯಿಂಟೂ ಇಲ್ಲ. ಆದರೂ ಅದನ್ನು ನೋಡಲೇಬೇಕು. ಫೀಲ್ಡಿಂಗ್ ಬಾರದವನನ್ನು ಕ್ಲಬ್ ದಿನಾ ಆಡಿಸುವುದಿಲ್ಲ, ಅಲ್ವಾ?

ಮೊದಲನೆಯವನು ಭಾರಿ ಆಳು. ಪ್ರಾಕ್ಟೀಸ್‌ನಲ್ಲಿ ಹೊಡೆದ ಬಾಲುಗಳು ಬೌಂಡರಿ ಗೋಡೆಯಾಚೆ ಹುಲ್ಲಿನ ದಿಬ್ಬದ ಮೇಲೆ ಬೀಳುತ್ತಿದ್ದವು. ಪಂದ್ಯದಲ್ಲಿ ಮಾತ್ರ ಕೆಳಗೆ ಜಾರುವ ಸ್ಲೈಡರ್‌ಗೆ ಮತ್ತೆ ಮತ್ತೆ ಬ್ಯಾಟ್ ಬೀಸಿದ.

ಎರಡನೆಯವನು ಸಣಕಲ. ವಯಸ್ಸು 20, ಆಗಲೇ ಮೇಜರ್ ಲೀಗ್‌ಗೆ ಎರಡೇ ಮೆಟ್ಟಿಲು ಕೆಳಗಿನ ಡಬಲ್-ಎ ಮಟ್ಟದಲ್ಲಿ ಆಡಿದ್ದ. ತನಗಿಂತ ಮೂರ್ನಾಲ್ಕು ವರ್ಷ ದೊಡ್ಡವರ ಎದುರು ನಿಲ್ಲುವುದು ಸುಮ್ನೆ ಮಾತಲ್ಲ. ಮೂರು 'ಬಾಲು' (ಗುರಿ ತಪ್ಪಿದ ಎಸೆತ), ಎರಡು ಸ್ಟ್ರೈಕ್ ಆಗಿತ್ತು. ಇನ್ನೊಂದು ಸ್ಟ್ರೈಕ್ ಆದರೆ ಔಟ್, ಇನ್ನೊಂದು 'ಬಾಲು' ಆದರೆ ಪುಕ್ಕಟೆ ಫಸ್ಟ್ ಬೇಸ್, ಅದೇ ವಾಕ್. ಸ್ಲೈಡರ್ ಬಂತು. ಅವನ ಮುಂದಿನ ಕಾಲು ನೆಲಕ್ಕೆ ತಾಗಿತು, ಭುಜ ಅಲುಗಿತು, ಬ್ಯಾಟ್ ಮಾತ್ರ ಹೊರಡಲೇ ಇಲ್ಲ. ಬಾಲು ಪ್ಲೇಟ್‌ನ ಆಚೆ ಮಣ್ಣಿಗೆ ಬಿತ್ತು. ಅವನು ಬ್ಯಾಟ್ ಇಟ್ಟು ಫಸ್ಟ್ ಬೇಸ್‌ಗೆ ನಡೆದ. ದ್ರಾವಿಡ್ ಆಫ್ ಸ್ಟಂಪ್ ಆಚೆಯ ಬಾಲ್ ಬಿಟ್ಟಾಗಲೆಲ್ಲ ಟಿವಿ ಮುಂದೆ ಅಪ್ಪ "ಭೇಷ್" ಅನ್ನುತ್ತಿದ್ದರು. ಬೌಂಡರಿಗಿಂತ ಅದಕ್ಕೇ ಜಾಸ್ತಿ. ಆ ಸಂಜೆ ನನ್ನ ಬಾಯಿಂದಲೂ ಅದೇ ಬಂತು.

ಅವತ್ತು ಅವನು ಹೊಡೆದಿದ್ದು ಒಂದೇ ಸಿಂಗಲ್. ಎರಡು ಸಲ ವಾಕ್ ಪಡೆದ. ಪಕ್ಕದಲ್ಲಿದ್ದ ಗೆಳೆಯ ಫೋನಿನಲ್ಲಿ ಅವನ ಆ ತಿಂಗಳ ಸರಾಸರಿ ತೋರಿಸಿ ತಲೆ ಅಲ್ಲಾಡಿಸಿದ. ನನಗೆ ಮುಂದೆ ದೊಡ್ಡ ತಾರೆಯಾದ ಮೈಕ್ ಟ್ರೌಟ್ ನೆನಪಾದ. 2011ರಲ್ಲಿ ಮೇಜರ್ ಲೀಗ್‌ನ ಏಂಜಲ್ಸ್ ತಂಡದ ಪರ 40 ಪಂದ್ಯ ಆಡಿ ಅವನ ಸರಾಸರಿ .220, ಅಂದರೆ ನೂರು ಸಲಕ್ಕೆ 22 ಹಿಟ್ ಅಷ್ಟೇ. ಅದೇ ವರ್ಷ ಫಾಲ್ ಲೀಗ್‌ನ ಸ್ಕಾಟ್ಸ್‌ಡೇಲ್ ತಂಡದಲ್ಲೂ ಅಂಥದ್ದೇನೂ ಆಡಲಿಲ್ಲ. 2012ರಲ್ಲಿ 30 ಹೋಮ್ ರನ್, 49 ಸ್ಟೀಲ್ (ಓಡಿ ಕದ್ದ ಬೇಸ್). ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೇ. ಎಲ್ಲರೂ ಟ್ರೌಟ್ ಆಗುವುದಿಲ್ಲ ನಿಜ. ಆದರೆ ಒಂದು ತಿಂಗಳ ಸರಾಸರಿ ಹಿಡಿದು ಇಪ್ಪತ್ತರ ಹುಡುಗನನ್ನು ಬಿಡುವುದು ತಪ್ಪು.

ಪಾರ್ಕಿಂಗ್‌ನಲ್ಲೇ ಫೋನ್ ತೆಗೆದು ಸಣಕಲನ ಹೆಸರು ಸೇರಿಸಿದೆ. ಅವನಿನ್ನೂ ಮೇಜರ್ ಲೀಗ್ ತಲುಪಿಲ್ಲ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಿಂದಿನ ರಾತ್ರಿಯ ಸ್ಕೋರ್ ತೆಗೆದು ನೋಡುತ್ತೇನೆ. ಮೊದಲು ನೋಡುವುದು ಎಷ್ಟು ವಾಕ್ ಅಂತ.