ಪಶ್ಚಿಮದ ಗೋಡೆ
30–40ರ ಸೈಟು, ಪಶ್ಚಿಮಕ್ಕೆ ಮುಖ. ಮುಂಭಾಗಕ್ಕೆಲ್ಲ ಗಾಜು ಹಾಕೋಣ ಎಂದು ಮೇಸ್ತ್ರಿಯವರ ಹಟ. ಏಪ್ರಿಲ್‌ನ ನಾಲ್ಕು ಗಂಟೆಯ ಬಿಸಿಲು ಸೀದಾ ಸೋಫಾದ ಮೇಲೆ ಬಂದು ಕೂರುತ್ತದಲ್ಲ ಎಂದರೆ, "ಏಸಿ ಹಾಕಿಸಿ ಸಾರ್" ಎಂಬ ಉತ್ತರ! ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಏಸಿ ಬೇಡುವ ಮನೆ ಕಟ್ಟುವುದಕ್ಕೂ ಪ್ರತಿಭೆ ಬೇಕು.

ಅಮ್ಮ ಮಾತನಾಡಲಿಲ್ಲ. ಹಾಲಿನ ಲೆಕ್ಕ ಬರೆಯುವ ಪೆನ್ಸಿಲ್ ಹಿಡಿದು, ನಕ್ಷೆಯಲ್ಲಿ ಮೆಟ್ಟಿಲನ್ನೂ ಬಚ್ಚಲನ್ನೂ ಪಶ್ಚಿಮದ ಗೋಡೆಗೆ ತಳ್ಳಿದರು. ಸೋಲಾರ್ ಟ್ಯಾಂಕು ಬಚ್ಚಲಿನ ನೆತ್ತಿಯ ಮೇಲೆಯೇ. ಬಿಸಿನೀರು ಬರುವ ತನಕ ಬಕೆಟ್‌ಗಟ್ಟಲೆ ತಣ್ಣೀರು ಚೆಲ್ಲುವುದು ತಪ್ಪಿತು.

ಇಟ್ಟಿಗೆಯದು ಇನ್ನೂ ಜಗಳ. ಸುಡದೆ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ನನಗಿಷ್ಟ. "ಮಳೆಗೆ ಕರಗುವುದಿಲ್ಲವೇನಪ್ಪಾ?" ಎಂದು ಮಾವ ನಿನ್ನೆಯೂ ಕೇಳಿದರು. ಒಂದನ್ನು ಭಾನುವಾರದಿಂದ ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ. ಮಾವ ದಿನಕ್ಕೆರಡು ಬಾರಿ ಬೆರಳಿನಿಂದ ಒತ್ತಿ ನೋಡುತ್ತಾರೆ.